ಗುರಪ್ಪನ ಮಗಳು ಪಟಗಾ ಸುತ್ತಿದಳು

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ. ಚಹಾದ್ದು ಇದೆ, ಆದರೆ ನಮ್ಮ ಕಡೆ ಅದನ್ನು ಚಟ ಅಂತ ಯಾರೂ ಹಿಡಿಯುವುದಿಲ್ಲ. ನನ್ನದು ಮಾತಿನ ಚಟ. ಏನೇ ಆಗಲಿ, "ಹೋಗ್ಲಿ ಬಿಡ್ರಿ" ಅಂದುಬಿಡುವುದು.

ಮೊನ್ನೆ ಇಳಕಲ್ಲಿನಿಂದ ಬಾಗಲಕೋಟೆಗೆ ಹೋಗುವಾಗ ಕಿಟಕಿಯಿಂದ ಟವೆಲ್ ಹಾಕಿ ಒಂದು ಸೀಟು ಹಿಡಿದಿದ್ದೆ. ನಾನು ಹತ್ತಿ ಒಳಗೆ ಹೋಗುವಷ್ಟರಲ್ಲಿ ಬೇರೊಬ್ಬರು ಅಲ್ಲಿ ಕುಳಿತಿದ್ದರು. ಕುಳಿತದ್ದಷ್ಟೇ ಅಲ್ಲ, ನನ್ನ ಟವೆಲ್ಲಿನಿಂದಲೇ ಬೆವರು ಒರೆಸಿಕೊಂಡು, "ಇದು ನಿಮ್ಮದೇನ್ರಿ?" ಅಂತ ನನ್ನ ಕೈಗೆ ಕೊಟ್ಟರು. ಹೋಗ್ಲಿ ಬಿಡ್ರಿ ಅಂದೆ. ಅಮೀನಗಡದವರೆಗೆ ನಿಂತೇ ಹೋದೆ.

ಮನೆಗೆ ಬಂದು ಇದನ್ನು ತಮಾಷೆಯೆಂಬಂತೆ ಹೇಳಿದಾಗ ನನ್ನ ಹೆಂಡತಿ ವನಜಾ ನಗಲಿಲ್ಲ. "ನಿಮಗ ಶೇಷಗಿರಿ ಅಂತ ಯಾಕ ಹೆಸರಿಟ್ರೋ ಏನೋ. ನಿಮ್ಮ ಕಡೆ ಏನೂ ಶೇಷ ಉಳಿಯಂಗಿಲ್ಲ, ಎಲ್ಲಾ ಬಿಟ್ಟುಕೊಟ್ಟು ಬರ್ತೀರಿ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಗುರಪ್ಪನ ಮಗಳನ್ನ ನೋಡಿನೂ ಕಲೀಲಿಲ್ಲ ನೀವು," ಅಂತ ಸೇರಿಸಿದಳು.

ಈ ಎರಡನೆಯ ಮಾತು ನಾಟಿತು. ಯಾಕೆಂದರೆ ಆ "ಹೋಗ್ಲಿ ಬಿಡು" ಅನ್ನುವುದನ್ನು ಗುರಪ್ಪನ ಮನೆಯವರಿಗೆ ನಾನು ಎರಡು ಸಲ ಹೇಳಿದ್ದೇನೆ, ನಡುವೆ ನಲವತ್ತು ವರ್ಷ ಬಿಟ್ಟು. ಮೊದಲನೆಯ ಸಲ ಕೇಳಿದರು. ಎರಡನೆಯ ಸಲ ಕೇಳಲಿಲ್ಲ. ಕೇಳಿದ್ದೇ ತಪ್ಪಾಯಿತು, ಕೇಳದಿದ್ದದ್ದೇ ಒಳ್ಳೆಯದಾಯಿತು. ಮೂವತ್ತೈದು ವರ್ಷ ಸಾಲಿ ಮಾಸ್ತರಾಗಿ ಮಕ್ಕಳಿಗೆ "ನನ್ನ ಮಾತು ಕೇಳ್ರಿ" ಅಂತ ಹೇಳಿದವನು ಇದನ್ನು ಬರೆಯಬೇಕಾಗಿ ಬಂದಿದೆ.

ಗುರಪ್ಪ ಅಂದರೆ ಗುರ್ಮುಖ್ ಸಿಂಗ್. ಅವನ ಅಪ್ಪ ಕರ್ತಾರ್ ಸಿಂಗ್ ಪಂಜಾಬಿನ ಕಡೆಯವರು. ನಮ್ಮ ಇಳಕಲ್ಲಿನ ಕೆಂಪು ಕಲ್ಲಿನ ದಿಮ್ಮಿಗಳನ್ನು ಲಾರಿಯಲ್ಲಿ ಹೊರಲು ಬಂದವರು. ಒಮ್ಮೆ ಲಾರಿಯ ಆಕ್ಸೆಲ್ ಮುರಿದು, ಹೊಸದು ಬರುವವರೆಗೆ ಇಲ್ಲೇ ನಿಂತರು. ಆಕ್ಸೆಲ್ ಬಂತು, ಲಾರಿ ಎದ್ದಿತು, ಅವರು ಹೋಗಲಿಲ್ಲ. ನಮ್ಮ ಓಣಿಯ ತುದಿಗೆ, ದೊಡ್ಡ ರಸ್ತೆಗೆ ಹತ್ತಿಕೊಂಡು, ಒಂದು ಗ್ಯಾರೇಜು ಹಾಕಿದರು. ಹೆಂಡತಿಯನ್ನು ಕರೆಸಿಕೊಂಡರು. ಗುರ್ಮುಖ್ ಇಲ್ಲೇ ಹುಟ್ಟಿದ. ಆ ಹೆಸರು ನಮ್ಮ ಓಣಿಯ ಬಾಯಿಗೆ ಹತ್ತಲಿಲ್ಲ. ಗುರಪ್ಪ ಅಂದರು, ಅದೇ ನಿಂತಿತು.

ಅವನೂ ನಾನೂ ಒಂದೇ ಬೆಂಚಿನವರು. ಅವನ ನೆತ್ತಿಯ ಮೇಲೆ ಬಿಳಿ ಬಟ್ಟೆ ಕಟ್ಟಿದ ಕೂದಲಿನ ಪುಟ್ಟ ಗಂಟಿರುತ್ತಿತ್ತು. ಅದನ್ನು ನಾವು ಲಿಂಬಿಕಾಯಿ ಅನ್ನುತ್ತಿದ್ದೆವು. ಅವನು ಸಿಟ್ಟಾಗುತ್ತಿರಲಿಲ್ಲ. "ಲಿಂಬಿಕಾಯಿ ಅಲ್ಲಲೇ, ಮೋಸಂಬಿ," ಅನ್ನುತ್ತಿದ್ದ. ರವಿವಾರ ಅವನ ಅವ್ವ ಆ ಗಂಟು ಬಿಚ್ಚಿ, ಎದುರು ಮನೆಯ ಮಾಬವ್ವ ಕುಟ್ಟಿಕೊಟ್ಟ ಸೀಗೆಕಾಯಿ ಪುಡಿ ಹಾಕಿ ತಿಕ್ಕಿ ತೊಳೆದು, ಅವನನ್ನು ಒಂದು ಹಳೆಯ ಟೈರಿನ ಮೇಲೆ ಬಿಸಿಲಿಗೆ ಕೂರಿಸುತ್ತಿದ್ದಳು. ನಾನು ಇನ್ನೊಂದು ಟೈರಿನ ಮೇಲೆ. ಅವನ ಕೂದಲು ಸೊಂಟದವರೆಗೆ ಬರುತ್ತಿತ್ತು. ನೀರಿಗೆ ಹೋಗುವ ಹೆಣ್ಣುಮಕ್ಕಳು ಕೊಡ ಇಳಿಸಿ ನಿಂತು ನೋಡಿ, "ಈ ಗಂಡಹುಡುಗಗ ಯಾಕ ಕೊಟ್ಟನೋ ದೇವರು," ಅಂತ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು.

ಗುರುವಿನ ಹಬ್ಬದ ದಿನ ಕರ್ತಾರ್ ಸಿಂಗರು ಗ್ಯಾರೇಜಿನ ಜ್ಯಾಕು, ಸರಪಳಿ ಎಲ್ಲ ಒಂದು ಮೂಲೆಗೆ ಸರಿಸಿ, ನೆಲ ಸಾರಿಸಿ, ಓಣಿಗೆ ಓಣಿಯನ್ನೇ ಊಟಕ್ಕೆ ಕೂರಿಸುತ್ತಿದ್ದರು. ಮಾಬವ್ವನ ಮಕ್ಕಳು, ನೇಕಾರರ ಮನೆಯವರು, ಕುರಿ ಹೊಡೆದುಕೊಂಡು ಆ ದಾರಿಯಲ್ಲಿ ಹೋಗುತ್ತಿದ್ದವರು, ಎಲ್ಲರೂ ಒಂದೇ ಸಾಲು. ನಮ್ಮದು ಮಡಿ ಮನೆತನ. ನಮ್ಮಜ್ಜಿ ನನಗೆ ಹೋಗಬೇಡ ಅಂದಿದ್ದಳು. ನಾನು ಹೋದೆ. ತುಪ್ಪ ಸುರಿಯುವ ಗೋಧಿ ಹಿಟ್ಟಿನ ಸಜ್ಜಕ ತಿಂದು, ಕೈ ಮೂಸುತ್ತಾ ಬಂದೆ. ಅಜ್ಜಿ ನನ್ನನ್ನು ಬಾವಿಯ ಹತ್ತಿರ ಎಳೆದೊಯ್ದು ತಲೆಯ ಮೇಲೆ ನೀರು ಸುರಿಯತೊಡಗಿದಳು. ನಾಲ್ಕನೆಯ ಕೊಡ ಸುರಿಯುವಾಗ ಕೇಳಿದಳು: "ಏಲಕ್ಕಿ ಹಾಕಿದ್ರೇನು?" ಇಲ್ಲ ಅಂದೆ. "ಹಾಕಬೇಕಿತ್ತು," ಅಂದಳು.

ಇಂಥ ಓಣಿ ಅದು. ಆದ್ದರಿಂದಲೇ ಮುಂದಿನದನ್ನು ಹೇಳಲು ಕಷ್ಟವಾಗುತ್ತದೆ.

ನಾವಿಬ್ಬರೂ ಇಪ್ಪತ್ತು ಮುಟ್ಟಿದ ವರ್ಷ ದಿಲ್ಲಿಯಲ್ಲಿ ಪ್ರಧಾನಿಯವರ ಕೊಲೆಯಾಯಿತು. ಆಮೇಲೆ ಅಲ್ಲಿ ಸಿಖ್ಖರಿಗೆ ಏನೇನಾಯಿತು ಅನ್ನುವುದು ಅರ್ಧ ರೇಡಿಯೋದಿಂದ, ಇನ್ನರ್ಧ ಲಾರಿಯವರ ಬಾಯಿಂದ ನಮಗೆ ತಿಳಿಯಿತು. ಇಳಕಲ್ಲಿನಲ್ಲಿ ಯಾರೂ ಗುರಪ್ಪನ ಮನೆಯವರಿಗೆ ಒಂದು ಕೆಟ್ಟ ಮಾತು ಅನ್ನಲಿಲ್ಲ. ಮಾಬವ್ವ ತನ್ನ ಹೊಲಿಗೆ ಯಂತ್ರವನ್ನು ಎತ್ತಿ ತಂದು ಗ್ಯಾರೇಜಿನ ಬಾಗಿಲಿಗೆ ಇಟ್ಟುಕೊಂಡು ದಿನವಿಡೀ ಅಲ್ಲೇ ಹೊಲಿಯುತ್ತ ಕುಳಿತಳು. ಯಾಕೆ ಅಂತ ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೆ ಕರ್ತಾರ್ ಸಿಂಗರು ಕಲ್ಲು ಹೇರಿಕೊಂಡು ಉತ್ತರಕ್ಕೆ ಹೋಗಿದ್ದರು. ಅವರ ಸುದ್ದಿ ಇರಲಿಲ್ಲ. ಸೊಲ್ಲಾಪುರದ ಲಾರಿ ಆಫೀಸಿಗೆ ಹೋಗಿ ವಿಚಾರಿಸುತ್ತೇನೆಂದು ಗುರಪ್ಪ ಹೊರಟ. ಬಾಗಲಕೋಟೆಯಲ್ಲಿ ರೈಲು ಹತ್ತಿಸಿ ಬರಲು ನಾನು ಜೊತೆಗೆ ಹೋದೆ.

ಸ್ಟೇಶನ್ನಿನ ಹತ್ತಿರ ಒಂದು ಕ್ಷೌರದ ಅಂಗಡಿಯಿತ್ತು. ಅದರ ಮುಂದೆ ನಾನೇ ನಿಂತೆ. ಅವನಲ್ಲ.

"ಗುರಪ್ಪಾ, ಇದನ್ನ ತಗಸು," ಅಂದೆ.

ಅವನು ನನ್ನ ಮುಖ ನೋಡಿದ.

"ಕೂದಲಾ ಮತ್ತ ಬರ್ತಾವ. ರೈಲಿನ್ಯಾಗ ಯಾರ ಕೈಗರ ಸಿಕ್ರ ಜೀವ ಮತ್ತ ಬರಂಗಿಲ್ಲ. ಹೋಗ್ಲಿ ಬಿಡು."

ಅಂಗಡಿಯವನು ಮುದುಕ. ಗುರಪ್ಪ ತಲೆಗೆ ಸುತ್ತಿದ ಪಟಗಾ ಬಿಚ್ಚಿ, ಗಂಟು ಬಿಚ್ಚಿದಾಗ ಮುದುಕ ಕತ್ತರಿ ಕೆಳಗಿಟ್ಟುಬಿಟ್ಟ. "ನನ್ನ ಕೈಲಿಂದ ಯಾಕ ಮಾಡಸ್ತೀರಿ ತಮ್ಮಾ," ಅಂದ. ನಾನು ಮಾಡು ಅಂದೆ. ಅವನು ಗುರಪ್ಪನನ್ನು ಮೂರು ಸಲ ಕೇಳಿದ. ಮೂರು ಸಲವೂ ಗುರಪ್ಪ ಹೂಂ ಅನ್ನುವಂತೆ ಬರೀ ತಲೆಯಾಡಿಸಿದ. ಎದುರಿಗೆ ಕನ್ನಡಿಯಿತ್ತು. ಅವನು ಅದರ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ.

ಅವನು ಸೊಲ್ಲಾಪುರದಿಂದ ತಿರುಗಿ ಬರುವ ಮುಂಚೆಯೇ ಕರ್ತಾರ್ ಸಿಂಗರು ಮನೆ ಮುಟ್ಟಿದ್ದರು. ದಾರಿಯ ಒಂದು ಹಳ್ಳಿಯಲ್ಲಿ ರೈತರೊಬ್ಬರು ಅವರನ್ನು ಐದು ದಿನ ಕಣಜದ ಕೋಣೆಯಲ್ಲಿ ಇಟ್ಟುಕೊಂಡು, ಊಟ ಹಾಕಿ ಕಳಿಸಿದ್ದರಂತೆ. ಅವರ ತಲೆಯ ಮೇಲೆ ಪಟಗಾ ಇದ್ದಂತೆಯೇ ಇತ್ತು. ಮರುದಿನ ಗುರಪ್ಪ ಬಂದ. ನಾನು ಗ್ಯಾರೇಜಿನಲ್ಲಿದ್ದೆ. ಅಪ್ಪ ಮಗನ ತಲೆ ನೋಡಿದರು. "ಯಾರು ಹೇಳಿದ್ರು?" ಅಂತ ಕನ್ನಡದಲ್ಲೇ ಕೇಳಿದರು.

ಗುರಪ್ಪ ನನ್ನ ಕಡೆ ತಿರುಗಲಿಲ್ಲ. "ಯಾರೂ ಇಲ್ಲ. ನಾನ," ಅಂದ.

ಆಗ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಕರ್ತಾರ್ ಸಿಂಗರು ಬೈಯಲೂ ಇಲ್ಲ. ನಟ್ಟು ಬಿಚ್ಚುವ ಪಾನ ಕೈಗೆ ತೆಗೆದುಕೊಂಡು ಒಂದು ಲಾರಿಯ ಕೆಳಗೆ ಹೋಗಿ ಮಲಗಿದರು. ಸಂಜೆಯವರೆಗೆ ಹೊರಗೆ ಬರಲಿಲ್ಲ. ರಿಪೇರಿ ಶಬ್ದವೂ ಬರಲಿಲ್ಲ.

ಕೂದಲು ಮತ್ತೆ ಬಂದವು. ಗುರಪ್ಪ ಬೆಳೆಯಲು ಬಿಡಲಿಲ್ಲ. ತಿಂಗಳಿಗೊಮ್ಮೆ ಕತ್ತರಿಸುತ್ತ ಹೋದ. ಮದುವೆಯಾದ, ನಾಂದೇಡದ ಹುಡುಗಿ. ಅಪ್ಪ ತೀರಿಕೊಂಡರು, ಬಹಳ ವರ್ಷದ ಮೇಲೆ, ಮೊಮ್ಮಗಳನ್ನು ಎತ್ತಿ ಆಡಿಸಿ, ಅವ್ವ ತೀರಿಕೊಂಡಳು. ನಾವು ಆ ದಿನದ ಮಾತು ಒಮ್ಮೆಯೂ ಎತ್ತಲಿಲ್ಲ. ಈ ನಡುವೆ ನನ್ನ ಕೂದಲು ಯಾರೂ ಹೇಳದೆಯೇ ಹೋದವು.

ಮದುವೆಯಾಗಿ ಹದಿಮೂರು ವರ್ಷದ ಮೇಲೆ ಗುರಪ್ಪನಿಗೆ ಮಗಳು ಹುಟ್ಟಿದಳು, ಹರ್‌ಪ್ರೀತ್. ಸಾಲಿಯಲ್ಲಿ ಪ್ರೀತಿ ಅಂತ ಬರೆಸಿದ. ಕನ್ನಡ ಮಾಧ್ಯಮದಲ್ಲೇ ಓದಿದಳು, ನನ್ನ ಕೈಯಲ್ಲೇ ಕನ್ನಡ ಕಲಿತಳು. ವ್ಯಾಕರಣದಲ್ಲಿ ನನ್ನನ್ನೇ ಎರಡು ಸಲ ತಿದ್ದಿದ ಹುಡುಗಿ. ಬಾಗಲಕೋಟೆಯಲ್ಲಿ ಬಿ.ಎಡ್. ಓದುವಾಗ ಫೋನಿನಲ್ಲಿ ಒಂದು ಗುಂಪು ಅವಳಿಗೆ ಸಿಕ್ಕಿತು. ಹುಬ್ಬಳ್ಳಿಯವರು, ವಿಜಯಪುರದವರು, ಬೀದರಿನವರು, ಎಲ್ಲ ಅವಳ ವಯಸ್ಸಿನವರೇ, ಒಟ್ಟು ಹನ್ನೊಂದೋ ಹನ್ನೆರಡೋ ಜನ. ರವಿವಾರ ರವಿವಾರ ಕೂಡಿ ಗುರ್ಮುಖಿ ಅಕ್ಷರ ಕಲಿಯುತ್ತಿದ್ದರು. ಅವಳು ಒಂದು ನೋಟ್‌ಬುಕ್ ತಂದು ನನಗೆ ತೋರಿಸಿದಳು. ಎಡಕ್ಕೆ ಗುರ್ಮುಖಿ, ಬಲಕ್ಕೆ ಅದೇ ಉಚ್ಚಾರ ಕನ್ನಡದಲ್ಲಿ.

"ಕಾಕಾ, ನಮ್ಮಜ್ಜಿ ದಿನಾ ಮುಂಜಾನೆ ಏನೋ ಅಂತಿದ್ಲು. ನನಗ ಆಕಿ ಧ್ವನಿ ಅಷ್ಟ ಗೊತ್ತಿತ್ತು. ಈಗ ಅದು ಏನಂತ ತಿಳಿಯಾಕತ್ತೈತಿ," ಅಂದಳು. ಒಂದು ಸಾಲು ಓದಿ ಅರ್ಥ ಹೇಳಿದಳು. ಸೊಗಸಾಗಿತ್ತು. ನಾನು ಉಚ್ಚಾರದಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ ಅಂತ ತಿದ್ದಲು ಹೋದೆ. ಅಲ್ಲಿ ದೀರ್ಘ ಇರಲೇ ಇಲ್ಲವಂತೆ.

ಕಳೆದ ವರ್ಷ ಅವಳು ಆ ಗುಂಪಿನವರ ಜೊತೆ ಬೀದರಿನ ಗುರುದ್ವಾರಕ್ಕೆ ಹೋಗಿ ಬಂದಳು. ಬರುವಾಗ ತಲೆಯ ಮೇಲೆ ಪಟಗಾ ಇತ್ತು. ಕಡು ನೀಲಿ, ಬಿಗಿಯಾಗಿ ಸುತ್ತಿದ್ದು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ಮೂವರು ಹೆಂಗಸರು, "ಯವ್ವಾ, ತಲಿಗೆ ಪೆಟ್ಟಾತೇನು?" ಅಂತ ಕೇಳಿದ್ದರು. ಮೂವರಿಗೂ ಅವಳು ನಿಂತು, ಗಂಡಸರಷ್ಟೇ ಅಲ್ಲ ಹೆಣ್ಣುಮಕ್ಕಳೂ ಇದನ್ನು ಸುತ್ತಬಹುದು, ನಾನು ಸುತ್ತಬೇಕೆಂದು ಸುತ್ತಿದ್ದೇನೆ ಅಂತ ಹೇಳಿ ಬಂದಿದ್ದಳು. ಮೂರನೆಯವಳು ಮಾಬವ್ವ. ಈಗ ಎಂಬತ್ತು ದಾಟಿದ್ದಾಳೆ, ಕಣ್ಣು ಮಂಜು. ಕೈಯಿಂದ ಸುತ್ತು ಸುತ್ತೂ ಮುಟ್ಟಿ ನೋಡಿ, "ನಿಮ್ಮಜ್ಜ ಇದಕ್ಕಿಂತ ಚಲೋ ಸುತ್ತತಿದ್ದ. ಹಿಂದ ಸಡ್ಲ ಆಗೇತಿ," ಅಂದಳಂತೆ.

ಗುರಪ್ಪ ಮಾತ್ರ ಮಗಳ ಜೊತೆ ಮಾತು ಬಿಟ್ಟ. ಸಿಟ್ಟಿಗಲ್ಲ. ಅವನಿಗೆ ಹೆದರಿಕೆಯಾಗಿತ್ತು, ಹೆದರಿಕೆಯನ್ನು ಸಿಟ್ಟಿನಂತೆ ತೋರಿಸುತ್ತಿದ್ದ.

ಆ ಬಟ್ಟೆಯನ್ನು ಮಡಚಲು ಇನ್ನೊಬ್ಬರು ಬೇಕು. ಐದು ಮೀಟರಿನ ಒಂದು ತುದಿ ಇವರು ಹಿಡಿದರೆ ಇನ್ನೊಂದು ತುದಿ ಅವರು ಎಳೆದು ಹಿಡಿಯಬೇಕು. ಅವ್ವ ಮುಂಜಾನೆ ಒಲೆಯ ಮುಂದೆ, ಅಪ್ಪ ಮುಖ ತಿರುಗಿಸಿಕೊಂಡು. ಹುಡುಗಿ ನಮ್ಮ ಮನೆಗೆ ಬಂದು, "ಕಾಕೂ, ಸ್ವಲ್ಪ ಹಿಡೀರಿ," ಅಂತ ವನಜಾಳ ಕೈಗೆ ತುದಿ ಕೊಟ್ಟಳು. ವನಜಾ ಹುಟ್ಟಿದಾಗಿನಿಂದ ಇಳಕಲ್ ಸೀರೆ ಮಡಚಿದ ಕೈ. "ಇದೇನು ಮಹಾ. ಇದಕ್ಕ ಸೆರಗೂ ಇಲ್ಲ, ದಡೀನೂ ಇಲ್ಲ," ಅಂತ ಎಳೆದು ಹಿಡಿದಳು. ಅಂದಿನಿಂದ ದಿನಾ ಮುಂಜಾನೆ ಆರಕ್ಕೆ ನಮ್ಮ ಪಡಸಾಲೆಯಲ್ಲಿ ಆ ಕೆಲಸ. ನಾನು ಚಹಾದ ಬಟ್ಟಲು ಹಿಡಿದು ಬಟ್ಟೆಯ ಕೆಳಗೆ ನುಸುಳಿ ಬಚ್ಚಲಿಗೆ ಹೋಗಬೇಕಾಗುತ್ತಿತ್ತು.

ಬಿ.ಎಡ್.ನವರು ಕಡೆಯ ವರ್ಷ ಕೆಲವು ತಿಂಗಳು ಒಂದು ಪ್ರೌಢಶಾಲೆಯಲ್ಲಿ ಪಾಠ ಮಾಡಬೇಕು. ಮಾಡದಿದ್ದರೆ ವರ್ಷ ಹೋಯಿತು. ಹರ್‌ಪ್ರೀತಳಿಗೆ ಐಹೊಳೆಯ ಹಾದಿಯಲ್ಲಿರುವ ಒಂದು ಹಳ್ಳಿಯ ಸಾಲಿ ಬಂತು. ಮೊದಲ ದಿನವೇ ಅಲ್ಲಿಯ ಹೆಡ್‌ಮಾಸ್ತರು ಅವಳನ್ನು ನೋಡಿ, ತಲೆಯ ಮೇಲಿನದನ್ನು ತೆಗೆದು ಬರುವುದಾದರೆ ಬಾ, ಇಲ್ಲವಾದರೆ ಬೇರೆ ಸಾಲಿ ನೋಡಿಕೋ ಅಂದರು. ಅವಳು ತೆಗೆಯಲಿಲ್ಲ. ಬೇರೆ ಸಾಲಿಯನ್ನೂ ನೋಡಲಿಲ್ಲ.

ಅಂದು ಸಂಜೆ ಗುರಪ್ಪ ಬಂದ. ನಮ್ಮ ಕಟ್ಟೆಯ ಮೇಲೆ ಕುಳಿತು ಕೈಗೆ ಹತ್ತಿದ ಗ್ರೀಸನ್ನು ಉಜ್ಜಿಕೊಳ್ಳುತ್ತ, "ಶೇಷ್ಯಾ, ಆಕಿಗೆ ನೀ ಹೇಳು. ನಿನ್ನ ಮಾತು ಕೇಳ್ತಾಳ. ಆವತ್ತ ನನಗ ಹೇಳಿದ್ಯಲ್ಲ, ಹಂಗ ಹೇಳು," ಅಂದ.

ಚುಚ್ಚಲೆಂದು ಹೇಳಿದ್ದಲ್ಲ. ಖರೆ ಖರೆಯೇ ಕೇಳಿದ್ದ. ನನಗೆ ಅದೇ ಹೆಚ್ಚು ನಾಟಿತು. ಆದರೂ ಚಟ ನೋಡಿ. ಮರುದಿನ ಮುಂಜಾನೆ ಹುಡುಗಿ ಬಂದಾಗ ನಾನು ಕುರ್ಚಿ ಎಳೆದುಕೊಂಡು ಕುಳಿತು ಶುರು ಮಾಡಿದೆ. ಮೂರು ತಿಂಗಳ ಮಾತು. ದಿನಕ್ಕೆ ಆರು ತಾಸು. ಸಾಲಿಯ ಬಾಗಿಲಲ್ಲಿ ತೆಗೆದು ಹೊರಗೆ ಬಂದು ಸುತ್ತಿಕೊಂಡರಾಯಿತು. ಪಾಸಾದ ಮೇಲೆ ನಿನ್ನ ಇಷ್ಟ. "ಹೋಗ್ಲಿ ಬಿಡವ್ವಾ. ನಿಮ್ಮಪ್ಪನೂ ಹಿಂಗ ಮಾಡಿದ್ನಲ್ಲ. ಕೂದಲಾ ಮತ್ತ ಬರ್ತಾವ ಅಂತ."

ಅವಳು ಬಟ್ಟೆಯ ತುದಿ ಹಿಡಿದುಕೊಂಡೇ ಕೇಳಿದಳು. "ನಮ್ಮಪ್ಪಗ ಬಂದಾವೇನ್ರಿ ಕಾಕಾ?"

ಇನ್ನೊಂದು ತುದಿ ಹಿಡಿದ ವನಜಾ ನನ್ನನ್ನೇ ನೋಡುತ್ತಿದ್ದಳು. ಆ ದಿನದ್ದನ್ನು ಅವಳಿಗೂ ನಾನು ಯಾವತ್ತೂ ಹೇಳಿರಲಿಲ್ಲ. ಇಬ್ಬರ ಮುಂದೆಯೂ ಹೇಳಿದೆ. ಆ ಕ್ಷೌರದ ಅಂಗಡಿಯ ಮುಂದೆ ನಿಂತವನು ನಾನು, ಹೇಳಿದವನು ನಾನು, ಅವಳ ಅಜ್ಜ ಕೇಳಿದಾಗ ಸುಮ್ಮನಿದ್ದವನೂ ನಾನು.

ಹರ್‌ಪ್ರೀತ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದಳು. ಸುತ್ತಿ ಮುಗಿಸಿದಳು. ಆಮೇಲೆ ಚೀಲ ಹೆಗಲಿಗೆ ಹಾಕಿಕೊಂಡು, "ಹಂಗಾರ ನೀವು ನನ್ನ ಜೋಡಿ ಬರ್ರಿ," ಅಂದಳು. "ಎಲ್ಲಿಗೆ?" ಅಂದೆ. "ಸಾಲಿಗೆ. ಏಳರ ಬಸ್ಸೈತಿ."

ಹೋದೆ. ನಿವೃತ್ತನಾದ ಮೇಲೆ ಅಷ್ಟು ಅವಸರದಲ್ಲಿ ಚಪ್ಪಲಿ ಮೆಟ್ಟಿದ್ದು ಅದೇ ಮೊದಲು.

ಅವಳು ಸಾಲಿಯ ಒಳಗೆ ಹೋಗಲಿಲ್ಲ. ಗೇಟಿನ ಹೊರಗೆ ಒಂದು ಬೇವಿನ ಗಿಡ, ಅದರ ಸುತ್ತ ಕಟ್ಟೆ. ಅದರ ಮೇಲೆ ಕುಳಿತು ಅಂದಿನ ಪಾಠ ಯೋಜನೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೊದಲ ಗಂಟೆ ಬಾರಿಸಿದಾಗ ವೇಳೆ ಬರೆದಳು. ಕಡೆಯ ಗಂಟೆಗೆ ಎದ್ದಳು. ಮರುದಿನ ಮತ್ತೆ. ಅದರ ಮರುದಿನ ಮತ್ತೆ. ನಾನು ಪಕ್ಕದಲ್ಲಿ ಕುಳಿತು ಬೇವಿನಕಾಯಿ ನೋಡುತ್ತಿದ್ದೆ. ಊಟದ ಬಿಡುವಿನಲ್ಲಿ ಹುಡುಗರು ಬಂದು ಮೊದಲು ದೂರ ನಿಂತರು, ಆಮೇಲೆ ಹತ್ತಿರ ಬಂದರು, ಆಮೇಲೆ ಕುಳಿತರು. "ಟೀಚರ್, ನೀವು ಯಾಕ ಒಳಗ ಬರಂಗಿಲ್ರಿ?" ಅಂತ ಒಬ್ಬ ಕೇಳಿದ. "ಇನ್ನೂ ಕರದಿಲ್ಲ. ನೀ ಸಂಧಿ ಕಲತಿಯೇನು?" ಅಂದಳು. ಇಲ್ಲ ಅಂದ. ಅಲ್ಲೇ ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ಕಲಿಸಿದಳು. ನಾಲ್ಕನೆಯ ದಿನ ಗಂಟೆ ಬಾರಿಸಿದರೂ ಅರ್ಧ ತರಗತಿ ಗಿಡದ ಕೆಳಗೇ ಇತ್ತು.

ಹೆಡ್‌ಮಾಸ್ತರು ಹೊರಗೆ ಬಂದರು. ಕೆಟ್ಟವರಲ್ಲ. ಹೊಸದಾಗಿ ವರ್ಗವಾಗಿ ಬಂದವರು, ಎಲ್ಲಿ ಏನು ಮೈಮೇಲೆ ಬರುತ್ತದೋ ಅನ್ನುವ ಭಯದವರು. ನನ್ನನ್ನು ಹಿರಿಯರೆಂದು ಮಾತಾಡಿಸಿದರು.

"ಸರ್, ನನಗೂ ತಿಳೀತದ. ಆದ್ರ ನಮ್ಮ ಸಾಲ್ಯಾಗ ಇಬ್ಬರು ಹುಡುಗ್ಯಾರು ಗೇಟಿನ್ಯಾಗ ತಲಿಮ್ಯಾಲಿನ ಓಢಣಿ ತಗದು ಚೀಲದಾಗ ಇಟ್ಟು ಒಳಗ ಬರ್ತಾರ. ಅವರಪ್ಪ ನಾಳೆ ಬಂದು, ಟೀಚರಿಗೆ ಹೂಂ, ನನ್ನ ಮಗಳಿಗೆ ಯಾಕ ಉಹೂಂ ಅಂತ ಕೇಳಿದ್ರ ನಾ ಏನ ಹೇಳ್ಲಿ?"

ಪ್ರಶ್ನೆ ಸರಿಯಾಗಿತ್ತು. ಹರ್‌ಪ್ರೀತ್ ತಲೆ ಎತ್ತಿ ನೋಡಿದಳು. "ಅವರಿಗೂ ಹೂಂ ಅನ್ರಿ ಸರ್," ಅಂದಳು. "ಅದು ನನ್ನ ಕೈಯಾಗಿಲ್ಲವ್ವಾ," ಅಂದರು ಅವರು. "ನಂದು ನಿಮ್ಮ ಕೈಯಾಗೈತಲ್ರಿ. ಅದನ್ನರ ಅನ್ರಿ. ಅವರದ್ದನ್ನ ಆಮ್ಯಾಲೆ ಕೂಡೇ ಕೇಳೋಣು."

ಅವರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರಿಗೆ ಹೇಳಿ ಕಳಿಸಿದರು. ಅಧ್ಯಕ್ಷರು ಸಿದ್ದಪ್ಪ ಅನ್ನುವ ಹಿರಿಯರು. ಬೀರಪ್ಪ ದೇವರ ಒಕ್ಕಲು. ಕುರಿಗಳನ್ನು ಹೊರಗೆ ಬಿಟ್ಟು, ಹೆಗಲ ಮೇಲೆ ಕರಿ ಕಂಬಳಿ, ತಲೆಯ ಮೇಲೆ ಹತ್ತು ಮೊಳದ ರುಮಾಲು ಇಟ್ಟುಕೊಂಡು ಬಂದರು. ಹೆಡ್‌ಮಾಸ್ತರು ಎಲ್ಲವನ್ನೂ ಹೇಳಿದರು. ಸಿದ್ದಪ್ಪನವರು ಕಟ್ಟೆಯ ಮೇಲೆ ಹುಡುಗಿಯ ಎದುರಿಗೆ ಕುಳಿತರು.

"ಯವ್ವಾ, ಇದು ಹರಕಿಯೇನು?"

"ಹರಕಿ ಅಲ್ಲ ಯಜ್ಜಾ. ಕೂದಲಾ ಕತ್ತರಸಂಗಿಲ್ಲ, ತಲಿ ಬಿಚ್ಚಂಗಿಲ್ಲ ಅಂತ ಮಾತು ಕೊಟ್ಟೇನಿ."

"ಯಾರಿಗೆ?"

"ಗುರುವಿಗೆ."

"ಗುರು ಎಲ್ಲಿರ್ತಾನ?"

"ನಮ್ಮಲ್ಲೆ ಪುಸ್ತಕನ ಗುರು ಯಜ್ಜಾ."

ಸಿದ್ದಪ್ಪನವರು "ಪುಸ್ತಕ" ಅಂತ ಒಮ್ಮೆ ಅಂದುಕೊಂಡರು. ಆಮೇಲೆ ಹೆಡ್‌ಮಾಸ್ತರ ಕಡೆ ತಿರುಗಿದರು. "ಪುಸ್ತಕನ ಗುರು ಅನ್ನಾಕಿನ್ನ ಸಾಲಿ ಹೊರಗ ಕುಂದರಸೀರಲ್ರಿ ಸರ. ನಮ್ಮ ಬೀರಪ್ಪನ ಪೂಜಾರಿನೂ ಕೂದಲಿಗೆ ಕತ್ತರಿ ಹಚ್ಚಂಗಿಲ್ಲ. ಅಂವಗ ನೀವು ಮೊನ್ನೆ ಕುರ್ಚಿ ಹಾಕಿ ಚಾ ಕೊಟ್ರಿ."

"ಅದು ಬ್ಯಾರೆ ಸಿದ್ದಪ್ಪನವರ. ಇದು ಸಾಲಿ. ಇಲ್ಲಿ ತಲಿ ಮ್ಯಾಲೆ..."

"ಹಂಗಾರ ಮೊದಲ ನಂದು ತಗಸ್ರಿ," ಅಂತ ಸಿದ್ದಪ್ಪನವರು ಕೈ ಮೇಲಕ್ಕೆ ಒಯ್ದು ರುಮಾಲಿನ ಸಿಕ್ಕಿಸಿದ ತುದಿಯನ್ನು ಎಳೆದೇಬಿಟ್ಟರು. ಒಂದು ಸುತ್ತು ಬಿಚ್ಚಿತು. ಎರಡನೆಯದು ಬಿಚ್ಚುವಷ್ಟರಲ್ಲಿ ಹೆಡ್‌ಮಾಸ್ತರು ಓಡಿ ಬಂದು ಅವರ ಎರಡೂ ಕೈ ಹಿಡಿದುಕೊಂಡರು. ಆ ವಯಸ್ಸಿನವರ ತಲೆಯ ಮೇಲಿನ ರುಮಾಲು ಬಿಚ್ಚಿಸುವುದೆಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಮಕ್ಕಳೆಲ್ಲ ನೋಡುತ್ತಿದ್ದರು. ಯಾರೂ ನಗಲಿಲ್ಲ.

"ನನಗೊಂದು ಕಾಗದ ಬೇಕು," ಅಂದರು ಹೆಡ್‌ಮಾಸ್ತರು ಕಡೆಗೆ. "ಮ್ಯಾಲಿನ ಆಫೀಸಿನಿಂದ ಒಂದು ಕಾಗದ ತಂದುಕೊಡ್ರಿ. ಅಷ್ಟ ಸಾಕು. ನಾಳೇನ ಒಳಗ ಕರೀತೇನಿ."

ಆ ಕಾಗದಕ್ಕೆ ಶಿಕ್ಷಣ ಇಲಾಖೆಯ ಆಫೀಸಿಗೆ ನಾನು ಹೋದೆ. ಅದು ನನ್ನ ಕೆಲಸ ಅನ್ನಿಸಿತು. ಸಾಹೇಬರು ಅರ್ಜಿ ಓದಿ ಕನ್ನಡಕ ತೆಗೆದರು. "ಇದರಾಗ ಬರೀಲಿಕ್ಕೆ ಏನದರೀ? ಪಟಗಾ ಸುತ್ತಬಾರದು ಅಂತ ಯಾವ ಆದೇಶಾನೂ ಇಲ್ಲ."

"ಅದನ್ನ ಬರದು ಕೊಡ್ರಿ."

"ಇಲ್ಲದ ಆದೇಶನ ಇಲ್ಲ ಅಂತ ಹ್ಯಾಂಗ ಬರೀಲಿ?"

ಇಂಥ ಮಾತಿನ ಮುಂದೆ ನಾನು ಜೀವಮಾನವಿಡೀ ನಮಸ್ಕಾರ ಹೇಳಿ ಎದ್ದು ಬಂದವನು. ಅಂದು ಹಾಗೆ ಬರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತೆ. ವನಜಾ ಕಟ್ಟಿಕೊಟ್ಟ ಅವಲಕ್ಕಿ ತಿಂದೆ. ಮರುದಿನವೂ ಹೋಗಿ ಕುಳಿತೆ. ಅಲ್ಲಿಯ ಗುಮಾಸ್ತ ನನ್ನ ಹಳೆಯ ವಿದ್ಯಾರ್ಥಿ, ಕನ್ನಡದಲ್ಲಿ ಫೇಲಾಗಿ ಎರಡು ಸಲ ಪರೀಕ್ಷೆಗೆ ಕೂತವನು. "ಸರ್, ಸುಮ್ಮನ ಮನಿಗೆ ಹೋಗ್ರಿ, ನಾ ಹೇಳಿ ಕಳಸ್ತೇನಿ," ಅಂದ. "ನೀ ಹೇಳಿ ಕಳಸೂ ಮಟಾ ನಾ ಇಲ್ಲೇ ಇರ್ತೇನಿ," ಅಂದೆ. ನೀರು ಕುಡಿಯುವ ನೆಪದಲ್ಲಿ ಎರಡು ಸಲ ಎದ್ದು ಹೊರಗೆ ಹೋಗಿ, ಹಾಗೇ ಬಸ್ಸು ಹತ್ತಿಬಿಡಲೇ ಅಂದುಕೊಂಡು ತಿರುಗಿ ಬಂದೆ. ಮೂರನೆಯ ದಿನ ಮಧ್ಯಾಹ್ನ ಸಾಹೇಬರು ಊಟಕ್ಕೆ ಹೊರಟವರು ನನ್ನನ್ನು ನೋಡಿ ನಿಂತರು. ಒಳಗೆ ಕರೆದು, ತರಬೇತಿಯ ಶಿಕ್ಷಕಿ ಪಟಗಾ ಧರಿಸಿ ಪಾಠ ಮಾಡಲು ಅಡ್ಡಿಯಿಲ್ಲ ಅಂತ ಎರಡು ಸಾಲು ಬರೆಸಿ ಸಹಿ ಹಾಕಿದರು. ಎರಡನೆಯ ಸಾಲಿನಲ್ಲಿ ಒಂದು ಕಾಗುಣಿತ ತಪ್ಪಿತ್ತು. ತಿದ್ದಲಿಲ್ಲ.

ಮರುದಿನ ಹರ್‌ಪ್ರೀತ್ ಆ ಸಾಲಿಯ ಗೇಟು ದಾಟಿದಳು. ಆ ಇಬ್ಬರು ಹುಡುಗಿಯರ ಓಢಣಿ ಈಗಲೂ ಗೇಟಿನಲ್ಲೇ ಚೀಲ ಸೇರುತ್ತದೆ. ಅದನ್ನು ಅವಳು ಬಿಟ್ಟಿಲ್ಲ. ಸಿದ್ದಪ್ಪನವರ ಜೊತೆ ಕೂಡಿ ಸಮಿತಿಯ ಸಭೆಗೆ ಹಾಕಿದ್ದಾಳೆ. ಮೊದಲ ಸಭೆಯಲ್ಲಿ ತೀರ್ಮಾನವಾಗಲಿಲ್ಲ. ಎರಡನೆಯದಕ್ಕೂ ಹಾಕಿದ್ದಾಳೆ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಗುರಪ್ಪ ತಾನಾಗಿಯೇ ಸ್ಕೂಟರ್ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿದ. "ಹತ್ತು. ಆಕಿ ಪಾಠ ನೋಡಿ ಬರೋಣು," ಅಂದ. ಅಮೀನಗಡ ದಾಟಿದ ಮೇಲೆ ಒಂದು ಚಹಾದ ಅಂಗಡಿಯ ಮುಂದೆ ನಿಲ್ಲಿಸಿದೆವು. ನಾನು ಹೇಳಬೇಕಾದದ್ದನ್ನು ಅಲ್ಲಿ ಹೇಳಿದೆ. ಆವತ್ತು ನಿಮ್ಮಪ್ಪ ಕೇಳಿದಾಗ ನಾನು ಬಾಯಿ ಬಿಡಬೇಕಿತ್ತು, ನಿನ್ನ ಮೇಲೆ ಬಂದದ್ದು ನನ್ನ ತಪ್ಪು ಅಂದೆ.

ಗುರಪ್ಪ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿನ್ನ ತಪ್ಪಲ್ಲೋ ಶೇಷ್ಯಾ. ನನಗ ಇಳಕಲ್ಲ ಬಿಟ್ಟಾಗಿಂದ ಹೆದರಿಕಿ ಆಗಿತ್ತು. ಯಾರರ ಒಬ್ಬರು ತಗಸು ಅನ್ಲಿ ಅಂತ ದಾರಿತುಂಬ ಕಾಯಾಕತ್ತಿದ್ದೆ. ನೀ ಅಂದಿ. ನೀ ಅನ್ನಲಿಲ್ಲಂದ್ರ ಆ ಕ್ಷೌರದಂವಗ ನಾನ ತಗಿ ಅಂತಿದ್ದೆ." ಬಟ್ಟಲು ಕೆಳಗಿಟ್ಟ. "ಅಪ್ಪಗ ಅದು ಗೊತ್ತಾಗಿತ್ತು. ಅದಕ್ಕ ಮಾತಾಡಲಿಲ್ಲ. ಈಕಿ ನೋಡು, ಯಾರರ ಹೂಂ ಅನ್ಲಿ ಅಂತ ಕಾಯಲಿಲ್ಲ, ಉಹೂಂ ಅಂದ್ರೂ ಏಳಲಿಲ್ಲ."

ನಾವು ಮುಟ್ಟಿದಾಗ ಎಂಟನೆಯ ತರಗತಿಗೆ ಸಂಧಿ ಪಾಠ ನಡೆದಿತ್ತು. ಹೆಡ್‌ಮಾಸ್ತರು ನಮ್ಮನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಗುರಪ್ಪನ ಮೊಣಕಾಲು ಡೆಸ್ಕಿನ ಕೆಳಗೆ ಹಿಡಿಸಲಿಲ್ಲ. ಕಾಲನ್ನು ಬೆಂಚುಗಳ ನಡುವಿನ ದಾರಿಗೆ ಚಾಚಿ, ಹೆಗಲ ಮೇಲಿನ ಟವೆಲ್ಲನ್ನು ಒಮ್ಮೆ ಸರಿಮಾಡಿಕೊಂಡು ನೆಟ್ಟಗೆ ಕುಳಿತ. ಮಗಳು ಅಪ್ಪನನ್ನು ನೋಡಿದಳು. ಗುರುತು ತೋರಿಸಲಿಲ್ಲ. ಹಲಗೆಯ ಮೇಲೆ "ಬೆಟ್ಟದಾವರೆ" ಅಂತ ಬರೆದು, ಬಿಡಿಸಿ ತೋರಿಸಿ, ಇದು ಯಾವ ಸಂಧಿ ಅಂತ ಕೇಳಿದಳು.

ಯಾರೂ ಕೈ ಎತ್ತಲಿಲ್ಲ. ಗುರಪ್ಪ ಎತ್ತಿದ.

"ಹಿಂದಿನ ಬೆಂಚಿನವರು ಹೇಳ್ರಿ," ಅಂದಳು.

ಅವನು ಎದ್ದು ನಿಂತ. "ಲೋಪ ಸಂಧಿ ರೀ."

ಮಕ್ಕಳು ನಕ್ಕರು. "ತಪ್ಪು. ಕುಂದ್ರಿ," ಅಂದಳು ಮಗಳು, ಉಳಿದವರಿಗೆ ಹೇಳುವ ಹಾಗೆಯೇ. ಗುರಪ್ಪ ಕುಳಿತ. ಪಕ್ಕದ ಬೆಂಚಿನ ಹುಡುಗಿ ತನ್ನ ನೋಟ್‌ಬುಕ್ಕನ್ನು ಮೆಲ್ಲಗೆ ಅವನ ಕಡೆ ಸರಿಸಿ, ಒಂದು ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. ಅವನು ಕಣ್ಣು ಕಿರಿದು ಮಾಡಿ ಓದಿದ. "ಆದೇಶ, ಆದೇಶ" ಅಂತ ತುಟಿಯಲ್ಲೇ ಎರಡು ಸಲ ಅಂದುಕೊಂಡ. ಆಮೇಲೆ ಮತ್ತೆ ಕೈ ಎತ್ತಿದ.